ಜ್ವರಕ್ಕೆ ಕೂತ ಹುಳು

ನನ್ನ ವಾರಗಿತ್ತಿಯ ಕಾಯಿಲೆ ತಿರುಗಿ ಬಂತು ಎಂದು ಊರವರು ಹೇಳುತ್ತಾರೆ. ತಿರುಗಿ ಬರಲಿಲ್ಲ. ಅದು ಹೋಗಿರಲೇ ಇಲ್ಲ.

ವಾರಗಿತ್ತಿ ಎಂದರೆ ನನ್ನ ಮೈದುನನ ಹೆಂಡತಿ. ಹನೂರು ಕಡೆ ಅಜ್ಜೀಪುರದ ಹೆಣ್ಣು. ಯಳಂದೂರು ಪಕ್ಕದ ನಮ್ಮ ಮನೆಗೆ ಬಂದಾಗಿನಿಂದ ನನಗೂ ಅವಳಿಗೂ ಒಂದು ದಿನವೂ ಸರಿಬಂದಿಲ್ಲ, ಒಬ್ಬರನ್ನೊಬ್ಬರು ಬಿಟ್ಟು ಇದ್ದದ್ದೂ ಇಲ್ಲ. ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಮನೆ. ಹಿಪ್ಪುನೇರಳೆ ಸೊಪ್ಪು ಕುಯ್ದು ತರುವುದು ನಾನು, ಹುಳುವಿಗೆ ಹಾಕುವುದು ಅವಳು. ಹುಳು ಮೇಯುವಾಗ ಹಂಚಿನ ಮೇಲೆ ತುಂತುರು ಬಿದ್ದ ಹಾಗೆ ಸದ್ದು ಬರುತ್ತದೆ. ಆ ಸದ್ದು ಕೇಳಿಯೇ ಅವಳು ಹೇಳಿಬಿಡುತ್ತಿದ್ದಳು, ಯಾವ ತಟ್ಟೆಯಲ್ಲಿ ಸೊಪ್ಪು ಮುಗಿಯಿತು ಎಂದು.

ಅವಳ ಎದೆಯಲ್ಲಿ ಗಂಟು ಕಾಣಿಸಿತು. ಕೊಳ್ಳೇಗಾಲದಲ್ಲಿ ತೋರಿಸಿದೆವು, ಅವರು ಮೈಸೂರಿಗೆ ಕಳಿಸಿದರು. ಅಲ್ಲಿ ಕುಯ್ದರು. ಆಮೇಲೆ ನರಕ್ಕೆ ಔಷಧಿ ಬಿಟ್ಟರು. ಕೂದಲು ಉದುರಿತು, ಉಗುರು ಕಪ್ಪಾಯಿತು, ಬಾಯೆಲ್ಲ ಹುಣ್ಣಾಯಿತು. ಬೆವರಿನಲ್ಲಿ ಔಷಧಿ ಬರುತ್ತದೆ, ಹುಳು ತಡೆಯುವುದಿಲ್ಲ ಎಂದು ಆಗ ನಾನು ಅವಳನ್ನು ಹುಳುವಿನ ಮನೆಯೊಳಗೆ ಬಿಡುತ್ತಿರಲಿಲ್ಲ. ಬಾಗಿಲ ಆಚೆ ಮೆಟ್ಟಿಲ ಮೇಲೆ ಬೋಳು ತಲೆಗೆ ಸೆರಗು ಹೊದ್ದು ಕೂತಿರುತ್ತಿದ್ದಳು.

ಎಲ್ಲ ಮುಗಿದ ಮೇಲೆ ಸ್ಕ್ಯಾನ್ ಮಾಡಿಸಿದೆವು. ಏನೂ ಕಾಣುವುದಿಲ್ಲ ಎಂದರು. ನನ್ನ ಮಗ ಮೈಸೂರು ಪಾಕು ತಂದು ಬೀದಿಗೆಲ್ಲ ಹಂಚಿದ. ಅವಳೊಬ್ಬಳು ತಿನ್ನಲಿಲ್ಲ. ಕೂದಲು ಹುಟ್ಟಿತು, ಆದರೆ ಗುಂಗುರು ಗುಂಗುರಾಗಿ ಹುಟ್ಟಿತು. ಅವಳದು ಮೊದಲಿನಿಂದ ನೆಟ್ಟನೆಯ ಕೂದಲು. ಹಿಂದಿನಿಂದ ನೋಡಿದರೆ ಬೇರೆ ಯಾರೋ ಹೆಂಗಸು ನಮ್ಮ ಮನೆಯಲ್ಲಿ ಓಡಾಡಿದ ಹಾಗಿರುತ್ತಿತ್ತು. ನಾನು ಎಷ್ಟೋ ಸಲ ಬೆಚ್ಚಿದ್ದೇನೆ.

ಇನ್ನೊಂದು ಅಭ್ಯಾಸವೂ ಶುರುವಾಯಿತು. ಮಾತಾಡುತ್ತಾ ಇದ್ದವಳು ನಡುವೆ ನಿಲ್ಲಿಸಿ, ಕುಯ್ದ ಜಾಗಕ್ಕೆ ಅಂಗೈ ಒತ್ತಿಕೊಂಡು, ಕತ್ತು ವಾಲಿಸಿ ಸುಮ್ಮನಾಗುತ್ತಿದ್ದಳು.

"ಏನಮ್ಮಿ ಅದು?" ಅಂದೆ.

"ಸದ್ದು ಬತ್ತದಾ ಅಂತ ಕೇಳ್ತಿವ್ನಿ."

"ಯಾವ್ ಸದ್ದು? ವಾಸಿ ಆಯ್ತು ಅಂದವ್ರಲ್ಲ."

"ಮೇಯ್ತಾ ಇದ್ರೆ ಸದ್ದು ಬತ್ತದೆ ಕಣಕ್ಕ. ಮೇಯದೆ ಸುಮ್ಕೆ ಕೂತಿದ್ರೆ ಎಂಗ್ ಗೊತ್ತಾದದು?"

ತಲೆ ಕೆಟ್ಟಿದೆ ಇವಳಿಗೆ ಎಂದುಕೊಂಡು ನಾನು ಸೊಪ್ಪಿಗೆ ಹೋದೆ.

ಅವಳನ್ನು ಮತ್ತೆ ಒಳಗೆ ಬಿಟ್ಟ ಮೊದಲ ಬೆಳೆಯಲ್ಲೇ ಅದು ಆಯಿತು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ನಾವು ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಆ ಸಲ ಹುಳು ಒಂದೇ ಸಮ ಎದ್ದಿರಲಿಲ್ಲ. ಬಹುಪಾಲು ನಾಲ್ಕನೇ ಜ್ವರ ಎದ್ದು ಹಸಿದಿದ್ದವು, ಉಳಿದವು ಇನ್ನೂ ಕೂತೇ ಇದ್ದವು. ಎದ್ದವುಗಳಿಗೆ ಅಂತ ನಾನು ಸೊಪ್ಪು ತಂದೆ, ಅವಳು ಹಾಕಿದಳು. ಪಕ್ಕದ ಹೊಲದವನು ಬದನೆ ಗಿಡಕ್ಕೆ ಔಷಧಿ ಹೊಡೆದಿದ್ದು, ಗಾಳಿ ನಮ್ಮ ಸೊಪ್ಪಿನ ಕಡೆಗೆ ಬೀಸಿದ್ದು ನಮಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಹೋದರೆ ಸದ್ದಿಲ್ಲ. ಹುಳುವಿನ ಮನೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ತಟ್ಟೆ ತಟ್ಟೆಯಲ್ಲೂ ಹುಳು ಹಸುರು ಕಕ್ಕಿಕೊಂಡು, ಮುದುರಿಕೊಂಡು ಸತ್ತಿದ್ದವು. ನನ್ನ ಸೊಸೆ ಬಾಗಿಲಲ್ಲೇ ನಿಂತು, "ಚಿಕ್ಕತ್ತೆ ಕೈ ಸೋಕಿದ್ಕೇ ಇಂಗಾಯ್ತು" ಅಂದಳು. ನಾನು ಸೊಪ್ಪು ಮೂಸಿ ನೋಡಿ ಅವಳ ಬಾಯಿ ಮುಚ್ಚಿಸಿದೆ. ವಾರಗಿತ್ತಿಗೆ ಅದು ಕೇಳಿಸಲೂ ಇಲ್ಲ. ಅವಳು ಒಂದು ತಟ್ಟೆಯ ಮೇಲೆ ಬಾಗಿದ್ದಳು.

ಸತ್ತ ಹುಳುಗಳ ನಡುವೆ ಅಲ್ಲೊಂದು ಇಲ್ಲೊಂದು ತಲೆ ಎತ್ತಿಕೊಂಡು ಕೂತಿತ್ತು. ಜ್ವರಕ್ಕೆ ಕೂತವು. ಸೊಪ್ಪು ಮುಟ್ಟಿರಲಿಲ್ಲ, ಹಾಗಾಗಿ ವಿಷ ಒಳಗೆ ಹೋಗಿರಲಿಲ್ಲ. ನಾವು ನೋಡುತ್ತಿದ್ದಂತೆಯೇ ಒಂದು ಹುಳು ಪೊರೆ ಬಿಟ್ಟು, ಪಕ್ಕದ ಹೆಣದ ಮೇಲೆ ಹತ್ತಿ, ಮೇವು ಹುಡುಕಿತು.

"ಉಂಡೋವು ಸತ್ತೋ. ಸುಮ್ಕೆ ಕೂತಿದ್ದೋವು ಉಳ್ಕಂಡೋ," ಅಂದಳು. ದನಿಯಲ್ಲಿ ಏನೂ ಇರಲಿಲ್ಲ.

"ಒಳ್ಳೇದಾಯ್ತು. ಬದ್ಕಿರೋವ್ನ ಆರ್ಸಿಡು, ಬೇರೆ ಸೊಪ್ಪು ತತ್ತೀನಿ. ಒಂದಿಷ್ಟಾರ ಗೂಡು ಕಟ್ಲಿ," ಅಂದೆ.

ನಾನು ಸೊಪ್ಪು ತರುವಷ್ಟರಲ್ಲಿ ಅವಳು ತಟ್ಟೆಗಳನ್ನು ಹಿತ್ತಲಿಗೆ ಹೊತ್ತು ಗುಂಡಿಗೆ ಸುರಿದಿದ್ದಳು. ಸತ್ತವನ್ನೂ, ಬದುಕಿದವನ್ನೂ. ಮೇಲೆ ಸುಣ್ಣ ಎರಚುತ್ತಿದ್ದಳು. ಬಿಳಿ ಸುಣ್ಣದಲ್ಲಿ ಅಲ್ಲಲ್ಲಿ ತಲೆಗಳು ಏಳುತ್ತಿದ್ದವು. ಮದುವೆಯಾಗಿ ಬಂದಾಗಿನಿಂದ ಒಂದು ಹುಳು ಕೆಳಗೆ ಬಿದ್ದರೂ ಎತ್ತಿ ತಟ್ಟೆಗೆ ಬಿಡುತ್ತಿದ್ದ ಹೆಂಗಸು ಅವಳು.

"ಬದ್ಕಿರೋವ್ನ ಯಾಕಮ್ಮಿ ಮುಚ್ದೆ? ಏನ್ ಬಂದದೆ ನಿಂಗೆ?"

"ನಾಳೀಕೇ ಮೈಸೂರ್ಗೆ ಕರ್ಕಂಡೋಗು," ಅಂದಳು. "ಅವ್ರು ಬರೇಳಿದ್ ದಿನದ್ಗಂಟ ಕಾಯಕ್ಕಾಗಲ್ಲ."

ಹೋದೆವು. ಮತ್ತೆ ಸ್ಕ್ಯಾನು. ಈ ಸಲ ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ಮತ್ತು ಬೆನ್ನುಮೂಳೆಯಲ್ಲಿ ಕಾಣಿಸಿತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಕೂರಿಸಿಕೊಂಡು ಹೇಳಿದರು. ಮೊದಲು ಕೊಟ್ಟ ಔಷಧಿ ಜೋರಾಗಿ ಬೆಳೆಯುವ ಕಣಗಳನ್ನು ಹುಡುಕಿ ಕೊಲ್ಲುತ್ತದೆ. ಕೆಲವು ಕಣ ಬೀಜದ ಹಾಗೆ. ಬೆಳೆಯದೆ ಮಲಗಿರುತ್ತವೆ, ಔಷಧಿಗೆ ಸಿಕ್ಕುವುದಿಲ್ಲ, ಒಳಗೆ ಬಂದ ಔಷಧಿಯನ್ನು ಆಚೆಗೆ ನೂಕುವಂಥವೂ ಇವೆ. ಆಮೇಲೆ ಯಾವಾಗಲೋ ಎದ್ದು ಮತ್ತೆ ಎಲ್ಲವನ್ನೂ ಕಟ್ಟುತ್ತವೆ. ಕಾಂಡಕೋಶ ಎಂದು ಏನೋ ಹೆಸರು ಹೇಳಿದರು. ಎಲ್ಲರಲ್ಲೂ ಹೀಗೇ ಆಗುತ್ತದೆ ಎಂದು ಹೇಳಲಾಗದು, ನಮಗೂ ಪೂರ್ತಿ ತಿಳಿದಿಲ್ಲ ಎಂದರು. ವಾರಗಿತ್ತಿ ತಲೆ ಆಡಿಸಿದಳು. ಅವಳು ಆಗಲೇ ಹುಳುವಿನ ತಟ್ಟೆಯಲ್ಲಿ ನೋಡಿದ್ದಳಲ್ಲ.

"ಮಲಗಿರೋದ್ನ ಎಬ್ಸಿ ಸಾಯ್ಸೋ ಔಸ್ದಿ ಅದಾ ತಾಯಿ?" ಅಂತ ನಾನು ಕೇಳಿದೆ.

"ಹುಡುಕ್ತಾ ಇದ್ದಾರೆ ಅಜ್ಜಿ. ಈಗ ಕೊಡೋದು ಮಾತ್ರೆ. ಪೂರ್ತಿ ಕೊಲ್ಲಲ್ಲ. ಬೆಳೀದಂಗೆ ಹಿಡಿದಿಡುತ್ತೆ, ಆದಷ್ಟು ದಿನ. ದಿನಾ ತಪ್ಪದೆ ತಗೋಬೇಕು. ಬಿಟ್ರೆ ಬೇಗ ಹರಡುತ್ತೆ."

ಕೊಳ್ಳೇಗಾಲದ ಬಸ್ಸು ಹತ್ತಿದೆವು. ಮನೆಗೆ ಬಂದ ಮೇಲೆ ಅವಳು ಮಾತ್ರೆಯ ಪೊಟ್ಟಣವನ್ನು ನನ್ನ ಮಡಿಲಿಗೆ ಹಾಕಿದಳು.

"ನಾ ನುಂಗಲ್ಲ."

"ನುಂಗ್ದಿದ್ರೆ ಸಾಯ್ತೀಯ."

"ಸಾಯ್ತೀನಿ. ಆ ಹುಳುಗೋಳ್ನ ಗುಂಡೀಗಾಕ್ದೆ, ಸುಣ್ಣ ಬುಟ್ಟೆ. ಇದ್ನ ಯಾವ್ ಕೈಲಿ ಎತ್ತಾಕ್ಲಿ? ನಾ ಉಣ್ಣೋವಾಗ, ನಾ ಮಲ್ಗೋವಾಗ, ಒಳ್ಗಡೆ ತಲೆ ಎತ್ಕಂಡು ಕೂತಿರ್ತದೆ. ಅದ್ನ ಇಟ್ಕಂಡು ಎಂಗಕ್ಕ ಬಾಳದು?"

ಅವಳ ಕಣ್ಣು ನನ್ನ ಮೇಲಿರಲಿಲ್ಲ, ತನ್ನ ಸೆರಗಿನ ಮೇಲಿತ್ತು, ಅಲ್ಲಿ ಯಾರೋ ಇರುವ ಹಾಗೆ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಬಂದದ್ದು ಹೇಳಿದೆ.

"ಅತ್ತೆ ಸತ್ ಮ್ಯಾಲೆ ಈ ಮನೇಲಿ ನಿನ್ ಜತೆ ನಾನು ಬಾಳ್ತಿಲ್ವಾ? ನೀ ಯಾವಾಗ ಏಳ್ತೀಯೋ, ಯಾವಾಗ ಮೈಮೇಲ್ ಬೀಳ್ತೀಯೋ ಅಂತ ಕಾಯ್ಕಂಡೇ ಬಾಳಿವ್ನಿ. ನೀನೂ ಅಂಗೇ ಬಾಳು."

ಅವಳು ತಲೆ ಎತ್ತಿದಳು. "ನಿನ್ ಬಾಯ್ಗೆ ಮಣ್ಣಾಕ. ಸಾಯೋಳ್ಗೂ ಬುಡಲ್ವಲ್ಲ ನೀನು."

"ಸಾಯೋಳು ಅಂತ ನೀ ಅಂದಿದ್ದು. ನಾ ಅನ್ನಿಲ್ಲ."

"ವಾಸಿ ಆಯ್ತದೆ ಅಂತಾನೂ ಅನ್ಬ್ಯಾಡ."

"ಅನ್ನಲ್ಲ ಬುಡು."

ನುಂಗುತ್ತೇನೆ ಎಂದು ಅವಳು ಹೇಳಲಿಲ್ಲ. ಗೋಡೆಗೆ ತಿರುಗಿ ಮಲಗಿದಳು.

ಮಾರನೆಯ ಬೆಳಿಗ್ಗೆ ರೊಟ್ಟಿ ತಟ್ಟಿ, ಎಣ್ಣೆಗಾಯಿ ಬಡಿಸಿ, ತಟ್ಟೆ ಅವಳ ಮುಂದಿಟ್ಟೆ. ತಿಂದಳು. ಮಾತ್ರೆ ಬಿಡಿಸಿ ಅವಳ ಅಂಗೈಗೆ ಹಾಕಿ, ನೀರಿನ ಚೊಂಬು ಕೊಟ್ಟು, ಎದುರಿಗೆ ನಿಂತೆ. ಬಹಳ ಹೊತ್ತು ನಿಲ್ಲಿಸಿದಳು. ಆಮೇಲೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ನನಗೆ ನಂಬಿಕೆ ಬರಲಿಲ್ಲ. ಗಲ್ಲ ಹಿಡಿದು ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ, ಕೆಳಗೆ ನೋಡಿದೆ. ಇರಲಿಲ್ಲ. ಕುಡುಗೋಲು ತೆಗೆದುಕೊಂಡು ಹೊಲಕ್ಕೆ ಹೋದೆ.