ಟವೆಲಿನ ಕೆಳಗೆ ಒಪ್ಪಿದವನು

ಒಂದು ಜೊತೆ ಎತ್ತಿಗೆ ತೊಂಬತ್ತೆರಡು ಸಾವಿರ ಕೊಟ್ಟೆ. ಎಪ್ಪತ್ತು ದಾಟುವ ಎತ್ತುಗಳಲ್ಲ ಅವು. ಮಿಕ್ಕ ದುಡ್ಡು ಯಾಕೆ ಹೋಯಿತೆಂದರೆ, ಬೆಲೆ ಒಪ್ಪಿದ ಹೊತ್ತಿನಲ್ಲಿ ನಾನು ಅಲ್ಲಿರಲಿಲ್ಲ.

ದೇಹವೇನೋ ನರಸೀಪುರದ ಸಂತೆಯಲ್ಲೇ ನಿಂತಿತ್ತು. ನಮ್ಮ ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲಿನ ಕೆಳಗೆ ಬೆರಳು ಹಿಡಿದು ಹೇಳುತ್ತೇವೆ. ಗಟ್ಟಿಯಾಗಿ ಒತ್ತಿದರೆ ಒಪ್ಪಿದಂತೆ. ಕವಲಂದೆಯ ರೈತನ ಬೆರಳು ಹಿಡಿದದ್ದು ನೆನಪಿದೆ. ಆಮೇಲೆ ನೆನಪಿರುವುದು, ಎತ್ತಿನ ಹಗ್ಗ ನನ್ನ ಕೈಯಲ್ಲಿದ್ದದ್ದು.

"ನಾನೆಲ್ಲಯ್ಯಾ ಒಪ್ಪಿದೆ?"

"ನೀವೇ ಒತ್ತುದ್ರಲ್ಲ ಸಾ. ಕಣ್ಣು ಬುಟ್ಕಂಡೇ ಇದ್ರಿ. ನಗ್ತಾನೂ ಇದ್ರಿ."

ಮೂವತ್ತು ವರ್ಷ ಮುಖ ಓದಿಯೇ ಅನ್ನ ಉಂಡವನು ನಾನು. ಅವನ ಮುಖದಲ್ಲಿ ಮೋಸ ಕಾಣಲಿಲ್ಲ. ಒಪ್ಪಿದ್ದು ನಾನಲ್ಲ ಎಂದರೆ ನಾಳೆಯಿಂದ ನನಗೆ ಯಾರೂ ಬೆರಳು ನೀಡುವುದಿಲ್ಲ. ನಾನೇ ಎಂದರೆ, ನನಗೆ ಗೊತ್ತಿಲ್ಲದ ಯಾವನೋ ಒಬ್ಬ ನನ್ನ ಕೈಯಿಂದ ವ್ಯಾಪಾರ ಮಾಡುತ್ತಿದ್ದಾನೆ. ಬಾಯಿ ಮುಚ್ಚಿಕೊಂಡು ದುಡ್ಡು ಕೊಟ್ಟೆ.

ಮೂರು ದಿನ ಬಿಟ್ಟು, ನಂಜನಗೂಡಿನ ಟೀ ಅಂಗಡಿಯಲ್ಲಿ ಇಬ್ಬರು ಹಳೆಯ ಗೆಳೆಯರಿಗೆ ಇದನ್ನು ಹೇಳಿದೆ. ಒಬ್ಬರು ಬೌದ್ಧರಾದ ನಿವೃತ್ತ ಮೇಷ್ಟ್ರು. ಇನ್ನೊಬ್ಬ ಮಠಕ್ಕೆ ನಡೆದುಕೊಳ್ಳುವ ಗೊಬ್ಬರದ ವ್ಯಾಪಾರಿ.

"ಒಳಗೆ 'ನಾನು' ಅಂತ ಒಬ್ಬ ಕೂತವ್ನೆ ಅಂದ್ಕೊಂಡಿದ್ದೀಯಲ್ಲ, ಅದೇ ತಪ್ಪು ಕಣೋ," ಎಂದರು ಮೇಷ್ಟ್ರು. "ದನ, ಜನ, ಹಗ್ಗ, ಧೂಳು ಎಲ್ಲಾ ಎದ್ದೋದ್ಮೇಲೆ ಸಂತೆ ಎಲ್ಲೈತೆ ತೋರ್ಸು?"

"ಏ, ಬುಡು ಮೇಷ್ಟ್ರೇ. ಸಂತೆ ಎದ್ದೋದುದ್ದ ನೋಡೋನು ಒಬ್ಬ ಇರ್ತಾನಲ್ಲ? ನಿದ್ದೇಲೂ ಎಚ್ಚರಾಗಿರ್ತಾನೆ. ಅವನು ಶಿವ."

"ನಿನ್ ಶಿವ ಗೊಬ್ಬರದ ತೂಕಾನೂ ನೋಡ್ತಾನೇನ್ಲಾ?"

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. "ಟವೆಲಿನ ಕೆಳಗೆ ನನ್ನ ಕೈ ಒತ್ತುವಾಗ ಆ ನೋಡುವವನು ಎಲ್ಲಿದ್ದ?" ಎಂದೆ.

ಮೇಷ್ಟ್ರು ಲೋಟ ಕೆಳಗಿಟ್ಟರು. "ನಿನ್ನೇನೂ ಇದ್ನೇ ಕೇಳ್ದಲ್ಲೋ. ಇದೇ ಬೆಂಚಲ್ಲಿ ಕೂತ್ಕಂಡು. ಇವತ್ತು ಇವನಿಗೂ ಹೇಳ್ಳಿ ಅಂತ ಸುಮ್ನಿದ್ದೆ."

ನಿನ್ನೆ ನಾನು ಮನೆಯಿಂದ ಹೊರಗೇ ಬಂದಿಲ್ಲ ಎಂದುಕೊಂಡಿದ್ದೆ.

"ನಗ್ತಿದ್ನಾ?" ಎಂದೆ.

ಮೇಷ್ಟ್ರು ಹೌದೆಂದು ತಲೆಯಾಡಿಸಿದರು. ವಾದ ಬಿಟ್ಟು, ಇಬ್ಬರೂ ನನ್ನನ್ನು ಡಾಕ್ಟರ ಹತ್ತಿರ ಹೋಗು ಎಂದರು.

ಮೈಸೂರಿನ ಡಾಕ್ಟರು ತಲೆಯ ಸ್ಕ್ಯಾನಿಗೆ ಬರೆದುಕೊಟ್ಟಿದ್ದಾರೆ. ನಿಮಗೂ ಹೀಗೊಂದು ಹೊತ್ತು ಕಳೆದುಹೋದರೆ, ನಾನು ಯಾರು ಎಂಬ ವಾದವನ್ನು ಮುಂದಕ್ಕೆ ಹಾಕಿ, ಮೊದಲು ಡಾಕ್ಟರ ಹತ್ತಿರ ಹೋಗಿ. ಅಲ್ಲಿಯವರೆಗೆ ಬೈಕ್ ಮುಟ್ಟಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ನಾನು ಸುಮ್ಮಸುಮ್ಮನೆ ನಗುವುದು ಕಂಡರೆ ಕೈ ಹಿಡಿದು ಎಳೆದುಕೊಂಡು ಹೋಗು ಎಂದು ಅವಳಿಗೆ ಮೊದಲೇ ಹೇಳಿಡಿ. ಆಗ ನೀವು ಎಷ್ಟೇ ಬುದ್ಧಿವಂತಿಕೆಯ ಮಾತಾಡಿದರೂ ಅವಳು ಕೇಳಬಾರದು.