ಅಣ್ಣನ ಫೋನಿನಲ್ಲಿ ಅಳುತ್ತಿದ್ದ ನಾನು

ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆ ಮುಗಿಸಿ ಹೊರಬಂದು ಫೋನ್ ಚಾಲೂ ಮಾಡಿದರೆ ಅಣ್ಣನ ಕರೆಗಳು ಸಾಲಾಗಿ ಬಂದಿದ್ದವು. ಅಣ್ಣ ಹಾಗೆಲ್ಲ ಫೋನ್ ಮಾಡುವವನಲ್ಲ. ಹುಬ್ಬಳ್ಳಿಯ ಎಪಿಎಂಸಿಯಲ್ಲಿ ಅವನದು ಹತ್ತಿ, ಕಾಳಿನ ದಲಾಲಿ ಅಂಗಡಿ. ಸುಗ್ಗಿಯಲ್ಲಿ ಅವನಿಗೆ ಕೆಮ್ಮಲೂ ಪುರುಸೊತ್ತಿರುವುದಿಲ್ಲ. ತಿರುಗಿ ಮಾಡಿದೆ, ಎತ್ತಲಿಲ್ಲ. ಅಷ್ಟರಲ್ಲಿ ಅವನ ಹೆಂಡತಿ, ನಮ್ಮ ವೈನಿಯ ಫೋನ್ ಬಂತು.

“ಲಗೂ ಬಾ ಯವ್ವಾ. ನಿಮ್ಮಣ್ಣ ಅಂಗಡಿ ಒಳಗಿನ ಖೋಲಿ ಚಿಲಕಾ ಹಾಕ್ಕೊಂಡು ಕುಂತಾರ. ಬುತ್ತಿ ತಂದೇನಿ ಅಂದ್ರ, ಹೋಗು, ನೀನೂ ಕೇಸಿನ್ಯಾಗ ಸಿಗತಿ ಅಂತಾರ. ಒಳಗ ಫೋನಿನ್ಯಾಗ ಯಾರೋ ಹಿಂದಿ ಮಾತಾಡಿ ಗದರಸಾಕತ್ತಾರ.”

ನನಗೆ ತಿಳಿಯಿತು. ತಿಳಿಯದೆ ಏನು? ಧಾರವಾಡದಲ್ಲಿ ನಾನು ವಿದ್ಯಾರ್ಥಿಗಳಿಗೆ ಕಲಿಸುವುದು, ಸಂಶೋಧನೆ ಮಾಡುವುದು ಇದನ್ನೇ: ಫೋನಿನ ಆ ಕಡೆ ಇರುವವರು ನಿಜವಾಗಿ ಅವರೇ ಹೌದೋ ಅಲ್ಲವೋ, ಧ್ವನಿ ಮನುಷ್ಯರದೋ ಯಂತ್ರದ್ದೋ ಎಂದು ಕಂಡುಹಿಡಿಯುವುದು. ಗರಗದ ಸಾಲೆಯಿಂದ ಹಿಡಿದು ಹುಬ್ಬಳ್ಳಿಯ ವರ್ತಕರ ಸಭೆಯವರೆಗೆ ಭಾಷಣ ಮಾಡಿದ್ದೇನೆ. ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡಿ, ಜನರನ್ನು ಅವರವರ ಮನೆಯಲ್ಲೇ ಕೂಡಿಹಾಕಿ ಹಣ ದೋಚುವ ಕಳ್ಳರ ಬಗ್ಗೆ ನಾನು ಹೇಳದ ಮಾತಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ವೈನಿ ನನ್ನನ್ನು ಚೇಷ್ಟೆ ಮಾಡುತ್ತಿದ್ದುದೂ ಇದಕ್ಕೇ. ಅಣ್ಣನೋ, ವರ್ತಕರ ಸಭೆಯಲ್ಲಿ ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದವನು. ಕಾರು ಹತ್ತುವಾಗ ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು.

ರಾಯಾಪುರದ ಹತ್ತಿರ ಗಾಡಿ ಬದಿಗೆ ನಿಲ್ಲಿಸಿ ಅಣ್ಣನ ಬ್ಯಾಂಕಿನ ಮ್ಯಾನೇಜರರಿಗೆ ಫೋನ್ ಹಚ್ಚಿ, ಅವನ ಖಾತೆಯಿಂದ ಹಣ ಹೋಗದಂತೆ ತಡೆಯಿರಿ ಎಂದೆ. “ಖಾತೆದಾರರ ಹೇಳಬೇಕಲ್ರಿ ಮೇಡಂ. ನೀವ್ ಹೇಳಿದ್ರ ನಾ ಹೆಂಗ್ ನಿಲ್ಲಸ್ಲಿ?” ಎಂದರು. ಅವರ ಮಾತು ಸರಿಯೇ. ಫೋನಿನಲ್ಲಿ ಯಾರು ಹೇಳಿದರೂ ನಂಬಬೇಡಿ ಎಂದು ಅವರ ಸಿಬ್ಬಂದಿಗೆ ಕಲಿಸಿ ಬಂದವಳೂ ನಾನೇ.

ಅಂಗಡಿಯಲ್ಲಿ ಹಮಾಲರು ಹಾರೆ ಹಿಡಿದು ಬಾಗಿಲು ಮುರಿಯಲು ನಿಂತಿದ್ದರು. ವೈನಿ ಅಡ್ಡ ನಿಂತಿದ್ದಳು. “ಬ್ಯಾಡ್ರೋ. ಮುರದ್ರ ಈಗಿಂದೀಗ ಇದ್ದಬಿದ್ದ ರೊಕ್ಕಾ ಕಳಿಸಿಬಿಡತೇನಿ ಅಂದಾರ.”

ನಾನು ಬಾಗಿಲು ಬಡಿದೆ. “ಅಣ್ಣಾ, ನಾ ಬಂದೇನಿ. ಬಾಗಲಾ ತಗಿ.”

ಒಳಗಿನಿಂದ ಅವನ ದನಿ ಬಂತು, ನಾನು ಎಂದೂ ಕೇಳದಷ್ಟು ಸಣ್ಣದಾಗಿ. “ಯಾರವಾ ನೀ? ನಮ್ಮ ತಂಗಿ ಪೊಲೀಸರ ಕೈಯಾಗ ಅದಾಳ. ಈಗರ ಫೋನಿನ್ಯಾಗ ಅಳಕೋತ ಮಾತಾಡಿದ್ಲು.”

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ನನ್ನ ಭಾಷಣಗಳ ವಿಡಿಯೊಗಳು ಅಂತರ್ಜಾಲದಲ್ಲಿ ರಾಶಿ ಬಿದ್ದಿವೆ. ಕಳ್ಳರು ಅವುಗಳಿಂದಲೇ ನನ್ನ ಧ್ವನಿ ತಯಾರಿಸಿ, ಅಳುವಂತೆ ಮಾಡಿ ಅವನಿಗೆ ಕೇಳಿಸಿದ್ದರು. ತಂಗಿ ಜನರ ಖಾತೆಗಳಿಗೆ ಕನ್ನ ಹಾಕಿ ಸಿಕ್ಕಿಬಿದ್ದಿದ್ದಾಳೆ, ಹಣ ಕಳಿಸಿದರೆ ಬಿಡುತ್ತೇವೆ ಎಂದಿದ್ದರೆಂದು ಆಮೇಲೆ ತಿಳಿಯಿತು. ಖಾತ್ರಿ ಮಾಡಿಕೊಳ್ಳಲು ಪಾಪ ಅವನು ನನಗೇ ಫೋನ್ ಮಾಡಿದ್ದ. ನನ್ನ ಫೋನ್ ಬಂದ್ ಇತ್ತು.

“ಅದು ನಾನಲ್ಲೋ ಅಣ್ಣಾ, ಮಷೀನು! ನಾ ಇಲ್ಲೇ ನಿಂತೇನಿ!”

“ತಂಗಿ ಧ್ವನ್ಯಾಗ ಮಾತಾಡವ್ರು ಬರತಾರ ಅಂತ ಸಾಹೇಬ್ರು ಮೊದಲ ಹೇಳ್ಯಾರ. ನಮ್ಮ ತಂಗೀನೂ ಹೇಳ್ಯಾಳ, ಹಡದವ್ವನ ಧ್ವನಿ ಕೇಳಿದ್ರೂ ನಂಬಬ್ಯಾಡ್ರಿ ಅಂತ.”

“ಆಕೀನ ಅದಾಳ್ರೀ, ನಾ ಕಣ್ಣಾರೆ ನೋಡಾಕತ್ತೇನಿ!” ಎಂದು ವೈನಿ ಕೂಗಿದಳು.

“ನಿನ್ನ ಹೆದರಿಸ್ಯಾರ, ಅದಕ್ಕ ಹಂಗ ಅಂತಿ.”

ನಾನು ಬಾಗಿಲಿಗೆ ಬಾಯಿ ಹಚ್ಚಿದೆ. “ಸಣ್ಣಾಕಿದ್ದಾಗ ಬಾವ್ಯಾಗ ಬಿದ್ದಿದ್ದೆ. ನನ್ನ ಎತ್ತಿದವ ನೀನ ಅಲ್ಲೇನು?”

“ಅದು ಪೇಪರಿನ್ಯಾಗ ಬಂದೈತಿ.”

ಬಂದಿತ್ತು. ಸಂದರ್ಶನದಲ್ಲಿ ನಾನೇ ಹೇಳಿದ್ದೆ. ಅಪ್ಪನ ಸಿಟ್ಟು, ಅವ್ವನ ರೊಟ್ಟಿ, ನಾವಿಬ್ಬರೂ ಸಾಲೆ ತಪ್ಪಿಸಿ ಸಿಕ್ಕಿಬಿದ್ದದ್ದು, ಎಲ್ಲವನ್ನೂ ಜನರನ್ನು ನಗಿಸಲು ವೇದಿಕೆಯ ಮೇಲೆ ಖರ್ಚು ಮಾಡಿಬಿಟ್ಟಿದ್ದೆ. ಮುಖ ತೋರಿಸೋಣವೆಂದರೆ ಆ ಖೋಲಿಗೆ ಕಿಟಕಿಯೇ ಇಲ್ಲ.

ಒಳಗಿನ ಹಿಂದಿ ದನಿ ಜೋರಾಯಿತು. ಹರಕುಮುರುಕು ಹಿಂದಿಯಲ್ಲಿ ಅಣ್ಣ ಬೇಡಿಕೊಳ್ಳುತ್ತಿದ್ದ: ಈಗಲೇ ಕಳಿಸುತ್ತೇನೆ, ಅವಳನ್ನು ಹೊಡೆಯಬೇಡಿ. ಜೀವನದಲ್ಲಿ ಅವನು ಯಾರ ಮುಂದೆಯೂ ಕೈ ಮುಗಿದವನಲ್ಲ. ನಾನು ಬಾಗಿಲ ಬುಡದಲ್ಲೇ ಕೂತೆ. ಆಗ ಕಂಡಿತು: ಪ್ಲೈವುಡ್ಡಿನ ಬಾಗಿಲು ನೆಲಕ್ಕೆ ಪೂರ್ತಿ ತಾಗಿರಲಿಲ್ಲ. ಮಗ್ಗುಲಾಗಿ ಮಲಗಿ ಸಂದಿಯೊಳಗೆ ಕೈ ತೂರಿಸಿದೆ. ಬೆರಳಿನ ಗೆಣ್ಣುಗಳು ತರಚಿದವು.

“ಅಣ್ಣಾ, ಕೆಳಗ ನೋಡು. ಧ್ವನಿ ನಂಬಬ್ಯಾಡ. ಕೈ ಹಿಡದು ನೋಡು.”

ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಕುರ್ಚಿ ಸರಿದ ಸದ್ದು. ಬೆರಳೊಂದು ನನ್ನ ಕೈಗೆ ತಾಗಿತು, ಹಿಂದೆ ಸರಿಯಿತು. ಮತ್ತೆ ಬಂದು ಇಡೀ ಅಂಗೈ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿಯಿತು.

ಚಿಲಕ ತೆಗೆದ. ನಾನು ಅವನ ಕೈಯಿಂದ ಫೋನ್ ಕಸಿದುಕೊಂಡೆ. ಪರದೆಯ ಮೇಲೆ ಖಾಕಿ ತೊಟ್ಟವನೊಬ್ಬ ಇನ್ನೂ ಗದರಿಸುತ್ತಲೇ ಇದ್ದ. ಕರೆ ತುಂಡು ಮಾಡಿ ಖಾತೆ ನೋಡಿದೆ. ಹಣ ಹೋಗಿರಲಿಲ್ಲ. ಇಳಿದಿದ್ದ ಸಿಟ್ಟೆಲ್ಲ ಮತ್ತೆ ನೆತ್ತಿಗೇರಿತು.

“ಮೊದಲ ಸಾಲಿನ್ಯಾಗ ಕುಂತು ಏನ್ ಕೇಳಿದ್ಯೋ ನೀ? ಇಷ್ಟ ದಡ್ಡ ಅದಿಯೇನು?”

ವೈನಿ ಕೊಟ್ಟ ನೀರನ್ನು ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡು ಕುಡಿದ ಅಣ್ಣ. “ಎಲ್ಲಾ ಕೇಳೇನವಾ. ಆ ಧ್ವನಿ ಸುಳ್ಳ ಇರಬಹುದು ಅಂತ ನನಗೂ ಅನಿಸಿತ್ತು.”

“ಮತ್ತ ರೊಕ್ಕಾ ಯಾಕ ಕಳಸಾಕ ಹೊಂಟಿದ್ದಿ?”

“ಖರೇನ ಇದ್ದಿದ್ರ?”

ಜನ ಮೋಸ ಹೋಗುವುದು ಭಯಕ್ಕೆ, ಇಲ್ಲವೆ ಆಸೆಗೆ ಎಂದು ಊರೂರು ಸುತ್ತಿ ಹೇಳಿದವಳು ನಾನು. ಅವನ ಕೈ ಹಿಡಿದುಕೊಂಡು, ಹಮಾಲರು ನೋಡುತ್ತಿದ್ದಾರೆ ಎಂಬ ಖಬರೂ ಇಲ್ಲದೆ ಗೊಳೋ ಎಂದು ಅತ್ತೆ.

ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. “ಫೋನಿನ್ಯಾಗೂ ಹಿಂಗ ಅತ್ತಿದ್ದಿ ನೋಡು,” ಎಂದ.