ಇಬ್ಬನಿಯ ಮುಂದೆ ಹಿಡಿದ ಉಸಿರು

ಆ ಫೋಟೊಗ್ರಾಫರರ ಅಂಗಿಯ ಎರಡೂ ಮೊಣಕೈಗಳಲ್ಲಿ ಗದ್ದೆಯ ಕೆಸರು ಒಣಗಿರುತ್ತಿತ್ತು. ಕೊಳ್ಳೇಗಾಲದ ತಮ್ಮ ಸ್ಟುಡಿಯೊಗೆ ಬೆಳಿಗ್ಗೆ ಹಾಗೆಯೇ ಬಂದು ಬಾಗಿಲು ತೆಗೆಯುತ್ತಿದ್ದರು. ಪಾಸ್‌ಪೋರ್ಟ್ ಫೋಟೊಗೆ ಕಾದು ನಿಂತವರು, ‘ಏನ್ ಸಾ, ನಾಟಿ ಮುಗಿಸ್ಕಂಡ್ ಬಂದ್ರಾ?’ ಎಂದು ಕೆಣಕಿದರೆ, ‘ಇಲ್ಲ ಕಣ್ರಿ, ಒಂದ್ ಜೇಡ ಇನ್ನೂ ಎದ್ದಿರ್ನಿಲ್ಲ. ಕಾಯ್ಕಂಡ್ ಕೂತಿದ್ದೆ’ ಎನ್ನುತ್ತಿದ್ದರು.

ನಾನು ಪತ್ರಿಕೆಯ ವರದಿಗಾರ. ಅವರ ಸಂಸಾರ ನಡೆಯುತ್ತಿದ್ದದ್ದು ಮದುವೆ ಫೋಟೊಗಳಿಂದ. ನಮ್ಮ ಜಿಲ್ಲಾ ಪುಟಕ್ಕೆ ಕೊಡುತ್ತಿದ್ದದ್ದು ಹುಳಗಳ ಮ್ಯಾಕ್ರೊ ಫೋಟೊಗಳನ್ನು. ಅಕ್ಕಿಕಾಳಿನಷ್ಟು ಜೇಡದ ಕಣ್ಣುಗಳು ಅವುಗಳಲ್ಲಿ ಒಂದೊಂದೂ ಬಿಡಿಯಾಗಿ ಕಾಣುತ್ತಿದ್ದವು.

ಸೂರ್ಯ ಏಳುವ ಮೊದಲು, ಹುಳಗಳು ಇಬ್ಬನಿ ಹೊತ್ತು ಹಾರಲಾರದೆ ಕೂತಿರುವಾಗಲೇ ಅವರ ಕೆಲಸ. ಲೆನ್ಸನ್ನು ಬೆರಳುದ್ದದ ದೂರಕ್ಕೆ ಒಯ್ದು ಉಸಿರು ಹಿಡಿಯುತ್ತಿದ್ದರು. ಉಸಿರಾಡಿದರೆ ಕೈ ಅಲುಗುತ್ತದೆ. ಬಿಸಿ ತಗುಲಿದರೆ ಹುಳಕ್ಕೆ ಎಚ್ಚರವಾಗುತ್ತದೆ. ಸ್ಟ್ಯಾಂಡ್ ಊರಿದರೆ ಹುಲ್ಲು ಅಲ್ಲಾಡುತ್ತದೆಂದು ಅದನ್ನೂ ಒಯ್ಯುತ್ತಿರಲಿಲ್ಲ. ಕೆಲವರು ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮಂಕು ಮಾಡಿ ತೆಗೆಯುತ್ತಾರಂತೆ ಎಂದು ನಾನು ಅಂದಿದ್ದಕ್ಕೆ, ‘ಮದ್ವೆ ಗಂಡ್ನ ಫ್ರಿಜ್ಜಲ್ಲಿಟ್ಟು ಫೋಟೊ ತಗೀತೀವಾ ಸಾ?’ ಎಂದು ಕೇಳಿದ್ದರು.

ಆಮೇಲೆ ಕೆಮ್ಮು ಶುರುವಾಯಿತು. ಶ್ವಾಸಕೋಶ ಗಟ್ಟಿಯಾಗುತ್ತಿದೆ, ಚಳಿಗೆ ಹೋಗಬೇಡಿ ಎಂದು ಮೈಸೂರಿನ ಡಾಕ್ಟರು ಹೇಳಿದರು. ಅವರ ಹೆಂಡತಿ ಕ್ಯಾಮೆರಾ ಚೀಲವನ್ನು ಅಕ್ಕಿ ಡ್ರಮ್ಮಿನಲ್ಲಿ ಬಚ್ಚಿಟ್ಟರು. ಅದು ಅವರ ಕೈಗೆ ಸಿಕ್ಕ ಮೇಲೆ ಆಕೆ ನನ್ನಲ್ಲಿಗೆ ಬಂದರು. ‘ನೀವು ಪೇಪರ್‌ಗೆ ಆಕೋದ್ ನಿಲ್ಸಿ ಸಾ. ಆಗ್ಲಾದ್ರೂ ಮನೇಲಿ ಕೂತ್ಕತರೆ.’ ನಿಲ್ಲಿಸಿದೆ. ಅವರು ಗದ್ದೆಗೆ ಹೋಗುವುದನ್ನು ನಿಲ್ಲಿಸಲಿಲ್ಲ.

ಕೊನೆಗೆ ಆಕೆಯೇ ಜೊತೆಗೆ ಹೊರಡತೊಡಗಿದರು. ಒಂದು ಬೆಳಿಗ್ಗೆ ಹೊನ್ನೂರಿನ ಗದ್ದೆಗೆ ನಾನೂ ಹೋಗಿದ್ದೆ. ಭತ್ತದ ತೆನೆಯ ಮೇಲೆ ಏರೋಪ್ಲೇನ್ ಚಿಟ್ಟೆಯೊಂದು ಕೂತಿತ್ತು. ರೆಕ್ಕೆಯ ತುಂಬ ಇಬ್ಬನಿ. ಅವರು ಬದುವಿನ ಮೇಲೆ ಮೊಣಕೈಯೂರಿ ಮಲಗಿದರು. ಉಸಿರು ಹಿಡಿದರು, ಕೆಮ್ಮು ಬಂತು. ಮತ್ತೆ ಹಿಡಿದರು, ಮತ್ತೆ ಬಂತು. ಎದ್ದು ಕೂತು ಕ್ಯಾಮೆರಾವನ್ನು ಹೆಂಡತಿಯ ಕೈಗಿಟ್ಟರು.

‘ನೀನೇ ತಗಿ. ಕಣ್ಗೆ ಫೋಕಸ್ ಮಾಡು. ಉಸ್ರು ಇಡ್ಕೊ.’

ಸ್ಟುಡಿಯೊದಲ್ಲಿ ಎಷ್ಟೋ ಸಲ ಕ್ಯಾಮೆರಾ ಹಿಡಿದಿದ್ದ ಆಕೆ ಸೆರಗು ಸಿಕ್ಕಿಸಿಕೊಂಡು ಮಂಡಿಯೂರಿದರು. ಆಕೆಯ ಬೆನ್ನ ಹಿಂದೆ ಅವರ ಎದೆ ಸಿಳ್ಳೆ ಹಾಕಿದಂತೆ ಸದ್ದು ಮಾಡುತ್ತಿತ್ತು. ಆ ಸದ್ದು ತಟ್ಟನೆ ನಿಂತಿತು.

ಕ್ಯಾಮೆರಾ ಕ್ಲಿಕ್ಕೆನ್ನುವಾಗಲೇ ಆಕೆ ತಿರುಗಿದರು. ಅವರು ತುಟಿ ಬಿಗಿದುಕೊಂಡು ಚಿಟ್ಟೆಯನ್ನೇ ನೋಡುತ್ತಿದ್ದರು. ಮುಖ ಕಪ್ಪಿಟ್ಟಿತ್ತು. ಅಭ್ಯಾಸಬಲದಿಂದ ಅವರೂ ಉಸಿರು ಹಿಡಿದುಬಿಟ್ಟಿದ್ದರು.

‘ಉಸ್ರು ಬುಡ್ರೀ,’ ಆಕೆ ಭುಜ ಹಿಡಿದು ಅಲ್ಲಾಡಿಸಿದರು. ‘ತಗೀತಿರೋದು ನಾನು.’

ಬಿಟ್ಟರು. ಬಹಳ ಹೊತ್ತು ಕೆಮ್ಮಿದರು. ತೆನೆ ಬರಿದಾಗಿತ್ತು. ‘ಎದ್ದು ಓಯ್ತಲ್ಲೇ’ ಎಂದರು, ಅಷ್ಟೇ.

ಆ ಚಳಿಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ಮಸುಕಾದ ಫೋಟೊ ಪುಟಕ್ಕೆ ಹೋಗಬಾರದೆಂಬುದು ನಮ್ಮಲ್ಲಿನ ನಿಯಮ; ಅದನ್ನು ನಾನು ಅಲ್ಲಿಯವರೆಗೆ ಮುರಿದವನಲ್ಲ. ಅವರ ಸಾವಿನ ಸುದ್ದಿಯ ಪಕ್ಕದಲ್ಲಿ ಆ ಬೆಳಿಗ್ಗೆ ಆಕೆ ತೆಗೆದ ಫೋಟೊವನ್ನೇ ಹಾಕಿಸಿದೆ. ರೆಕ್ಕೆ, ತೆನೆ, ಇಬ್ಬನಿ ಎಲ್ಲ ಒಂದರೊಳಗೊಂದು ಕಲಸಿಹೋಗಿದ್ದವು. ಕೆಳಗೆ ಆಕೆಯ ಹೆಸರಿತ್ತು.

ಪತ್ರಿಕೆ ಬಂದ ಬೆಳಿಗ್ಗೆ ಆಕೆ ಫೋನ್ ಮಾಡಿದರು. ‘ಅಲ್ಲಾಡಿರೋದ ಯಾಕಾಕ್ಸಿದ್ರಿ ಸಾ? ಅವ್ರಿದ್ದಿದ್ರೆ ನಮ್ಮಿಬ್ರಿಗೂ ಬಯ್ಯೋರು.’